ಆರು ನಿಮಿಷದ ನಡಿಗೆ

ನಾನು ಬದುಕಿದ್ದೇನೆ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಇಂಥ ಬರಹ ಓದುವವರು ಮೊದಲು ಹುಡುಕುವುದು ಅದನ್ನೇ ಎಂದು ನನಗೆ ಗೊತ್ತು. ನಾನೂ ಹಾಗೆ ಕೊನೆಯ ಪುಟ ತಿರುವಿ ನೋಡಿದವಳೇ. ಅದಕ್ಕೇ ಮೊದಲು ಹೇಳಿಬಿಡುತ್ತೇನೆ. ನನ್ನ ಎದೆಯೊಳಗೆ ಒಂದು ಪುಟ್ಟ ಸಾಧನವಿದೆ, ಅದು ಕೆಲಸ ಮಾಡುತ್ತಿದೆ. ಮೇಟಗಳ್ಳಿಯ ಪ್ರೌಢಶಾಲೆಯೊಂದರಲ್ಲಿ ದಿನಕ್ಕೆ ನಾಲ್ಕು ಪೀರಿಯಡ್ ವಿಜ್ಞಾನ ಪಾಠ ಮಾಡುತ್ತೇನೆ, ಎರಡನೇ ಮಹಡಿಗೆ ನಿಲ್ಲದೆ ಹತ್ತುತ್ತೇನೆ. ನನ್ನ ಅಕ್ಕ ಸಿದ್ದಮ್ಮ ಬದುಕಿಲ್ಲ. ನಮ್ಮಿಬ್ಬರಿಗೂ ಇದ್ದದ್ದು ಒಂದೇ ಕಾಯಿಲೆ, ನಾವಿಬ್ಬರೂ ಹೋದದ್ದು ಒಂದೇ ಆಸ್ಪತ್ರೆಗೆ.

ನಮ್ಮ ಮನೆತನದಲ್ಲಿ ಡಿಗ್ರಿ ಅಂತ ಮಾಡಿದವಳು ನಾನೊಬ್ಬಳೇ. ಇದನ್ನು ಜಂಬ ಅಂದುಕೊಂಡರೂ ಪರವಾಗಿಲ್ಲ, ಇದೆ. ಅವ್ವ ತೀರಿಕೊಂಡಾಗ ನನಗೆ ಏಳು ವರ್ಷ, ಅಕ್ಕನಿಗೆ ಹದಿನಾಲ್ಕು. ಅವ್ವನಿಗೆ ದಮ್ಮು ಇತ್ತು ಎಂದರು, ಯಾರೂ ಅದಕ್ಕಿಂತ ಹೆಚ್ಚು ಕೇಳಲಿಲ್ಲ. ಅಪ್ಪ ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಅಕ್ಕ ಶಾಲೆ ಬಿಟ್ಟು ಯಾದವಗಿರಿಯ ಬಂಗಲೆಗಳಲ್ಲಿ ಪಾತ್ರೆ ತೊಳೆಯಲು ಸೇರಿದಳು, ಆಮೇಲೆ ಅಲ್ಲೇ ಅಡುಗೆಯವಳಾದಳು. ನನ್ನನ್ನು ಓದಿಸಿದವಳು ಅವಳು. ನನ್ನ ಪ್ರತಿ ವರ್ಷದ ಮಾರ್ಕ್ಸ್ ಕಾರ್ಡನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಹೋಗಿ ಬಂಗಲೆಯ ಯಜಮಾನಿಗೆ ತೋರಿಸಿ ಬರುತ್ತಿದ್ದಳು. ಪರೀಕ್ಷೆಯ ದಿನ ಬೆಳಿಗ್ಗೆ ನನ್ನ ಜಡೆ ಬಿಗಿಯಾಗಿ ಹೆಣೆಯುತ್ತಾ, "ಫೇಲು ಅನ್ನೋ ಮಾತು ಮಾತ್ರ ಈ ಮನೆ ಹೊಸಲು ದಾಟಿ ಬರ್ಬಾರ್ದು ಕಣೇ ಸುಜಿ. ನಮ್ಮಂತೋರು ಒಂದ್ ಸಲ ಬಿದ್ರೆ ಎರಡ್ನೇ ಸಲ ಕರೆಯೋರು ಯಾರೂ ಇಲ್ಲ" ಎನ್ನುತ್ತಿದ್ದಳು. ಬಿ.ಎಸ್ಸಿ., ಆಮೇಲೆ ಬಿ.ಎಡ್. ಒಂದು ಪೇಪರೂ ಹೋಗಲಿಲ್ಲ.

ನನಗೆ ನಲವತ್ತೊಂದು ತುಂಬಿದ ವರ್ಷ, ಬೋರ್ಡಿನ ಮೇಲೆ ಒಂದು ಸಾಲು ಬರೆದು ಮುಗಿಸುವಷ್ಟರಲ್ಲಿ ಉಸಿರು ಹಿಡಿಯತೊಡಗಿತು. ಸೀಮೆಸುಣ್ಣದ ಧೂಳು ಅಂದುಕೊಂಡೆ. ಗ್ಯಾಸ್ ಅಂದುಕೊಂಡೆ. ಪಾದ ಊದಿ ಚಪ್ಪಲಿಯ ಪಟ್ಟಿ ಚರ್ಮಕ್ಕೆ ಅಚ್ಚೊತ್ತಿದಾಗಲೂ, ನಿಂತು ಪಾಠ ಮಾಡುವವರಿಗೆ ಇದೆಲ್ಲ ಇದ್ದದ್ದೇ ಅಂದುಕೊಂಡೆ. ಮಲಗಲು ಮೂರು ದಿಂಬು ಬೇಕಾದಾಗ ನನ್ನ ಗಂಡ ಮಹದೇವ, ಫ್ಯಾಕ್ಟರಿಗೆ ರಜಾ ಹಾಕಿ, "ನೀನು ಸೈನ್ಸ್ ಟೀಚರೋ ಏನೋ, ನಂಗೊತ್ತಿಲ್ಲ. ಈಗ ಎದ್ದು ಆಟೋ ಹತ್ತು" ಎಂದು ಕರೆದುಕೊಂಡು ಹೋದರು.

ಹೃದಯ ಹಿಗ್ಗಿದೆ, ಒಳಗಿನ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ, ಮುಂದೆ ಹೋಗಬೇಕಾದ ರಕ್ತ ಹಿಂದಕ್ಕೆ ಸೋರುತ್ತಿದೆ. ವೈದ್ಯರು ಇಷ್ಟು ಹೇಳಿ, "ನಿಮ್ಮ ತಾಯಿಗೆ ಏನಾಗಿತ್ತು?" ಎಂದು ಕೇಳಿದರು. ದಮ್ಮು ಎಂದೆ. ಅವರು ಅದನ್ನು ಬರೆದುಕೊಂಡು, "ಒಡಹುಟ್ಟಿದವರು ಇದ್ದರೆ ಕರೆದುಕೊಂಡು ಬನ್ನಿ" ಎಂದರು.

ಅಕ್ಕ ಮಂಡಕಳ್ಳಿಯಿಂದ ಬಂದಳು. ಅಲ್ಲಿ ಅವಳು ಮಗಳು ರಮ್ಯಳ ಜೊತೆ ಇದ್ದಳು. ಗಂಡ ಹೋಗಿ ಎಷ್ಟೋ ವರ್ಷಗಳಾಗಿದ್ದವು. ಎದೆಗೆ ತಣ್ಣನೆಯ ಜೆಲ್ ಸವರಿಸಿಕೊಂಡು ಸ್ಕ್ಯಾನ್ ಮುಗಿಸಿ ಬಂದವಳ ರಿಪೋರ್ಟು ನನ್ನದಕ್ಕಿಂತ ಕೆಟ್ಟದಾಗಿತ್ತು. ಅವಳಿಗೂ ವರ್ಷದಿಂದ ಏದುಸಿರು ಇತ್ತಂತೆ, ಯಾರಿಗೂ ಹೇಳಿರಲಿಲ್ಲ. ಸುಸ್ತು ಎಂದ ಅಡುಗೆಯವಳನ್ನು ಯಾವ ಮನೆಯಲ್ಲಿ ಇಟ್ಟುಕೊಳ್ಳುತ್ತಾರೆ? ಬಾಯಿ ಮುಚ್ಚಿ ಮೂಗಿನಲ್ಲೇ ಉಸಿರಾಡುವುದನ್ನು ಅಭ್ಯಾಸ ಮಾಡಿಕೊಂಡಿದ್ದಳು. ನಾನು ಅಳುತ್ತಿದ್ದೆ. ಅವಳು ಸೆರಗು ಸರಿ ಮಾಡಿಕೊಂಡು, "ಅವ್ವ ಏನೂ ಬುಟ್ಟೋಗ್ಲಿಲ್ಲ ಅಂತಿದ್ಯಲ್ಲ, ನೋಡು, ಆಸ್ತಿ ಬುಟ್ಟೋಗವ್ಳೆ. ಇಬ್ಬರ್ಗೂ ಸಮಪಾಲು" ಎಂದಳು. ಪಕ್ಕದ ಕುರ್ಚಿಯಲ್ಲಿ ತಮ್ಮ ಸರದಿಗೆ ಕಾಯುತ್ತಿದ್ದ ಅಪರಿಚಿತ ಮುದುಕರೊಬ್ಬರು ನಕ್ಕುಬಿಟ್ಟರು. ನಾನೂ ನಕ್ಕೆ.

ಎದೆ ಸೀಳಿ ಕವಾಟ ಸರಿಪಡಿಸುವಷ್ಟು ಶಕ್ತಿ ನಮ್ಮಿಬ್ಬರ ಹೃದಯಕ್ಕೂ ಇಲ್ಲ ಎಂದರು. ಆಗಲೇ ಸಿಗುತ್ತಿದ್ದ ಸಾಧನ ನಮ್ಮ ಕವಾಟದ ಆಕಾರಕ್ಕೆ ಕೂರುವುದಿಲ್ಲ. ಆದರೆ ಹೊಸದೊಂದು ಬಂದಿದೆ, ತೊಡೆಯ ರಕ್ತನಾಳದಿಂದ ಒಯ್ದು ಕವಾಟಕ್ಕೆ ಹಿಡಿಸುವಂಥದ್ದು. ಅದಕ್ಕಿನ್ನೂ ಅನುಮತಿ ಸಿಕ್ಕಿಲ್ಲ. ಹಲವು ದೇಶಗಳಲ್ಲಿ ಒಟ್ಟಿಗೇ ಅಧ್ಯಯನ ನಡೆಯುತ್ತಿದೆ, ನಮ್ಮ ಆಸ್ಪತ್ರೆಯೂ ಅದರಲ್ಲಿ ಒಂದು. ಸೇರಿದವರೆಲ್ಲರಿಗೂ ಸಾಧನ ಹಾಕುತ್ತಾರೆ, ಆಮೇಲೆ ವರ್ಷಗಟ್ಟಲೆ ನೋಡಿಕೊಳ್ಳುತ್ತಾರೆ. ಇದನ್ನೆಲ್ಲ ನಮಗೆ ಕೂರಿಸಿ ಹೇಳಿದವಳು ಶಬಾನ ಎಂಬ ಹುಡುಗಿ. ಅಧ್ಯಯನದ ಕೆಲಸ ನೋಡಿಕೊಳ್ಳುವುದಕ್ಕೆಂದೇ ಇದ್ದವಳು. ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸು.

"ಮನೇಗೆ ತಗೊಂಡೋಗಿ ನಿಧಾನಕ್ಕೆ ಓದಿ ಮೇಡಂ. ಏನೇ ಡೌಟಿದ್ರೂ ಕೇಳಿ" ಎಂದು ಒಪ್ಪಿಗೆ ಪತ್ರದ ದಪ್ಪ ಕಟ್ಟು ಕೊಟ್ಟಳು. ಕನ್ನಡದಲ್ಲಿತ್ತು. ನಾನು ಅದನ್ನು ಮನೆಯಲ್ಲಿ ಕೆಂಪು ಪೆನ್ನು ಹಿಡಿದು ಓದಿದೆ. ಉತ್ತರಪತ್ರಿಕೆ ತಿದ್ದುವ ಹಾಗೆ ಒಂದೊಂದು ಪುಟ ಮುಗಿದಾಗಲೂ ಮೂಲೆಯಲ್ಲಿ ಟಿಕ್ ಹಾಕಿದೆ. ಅಕ್ಕ ಎದುರಿಗೆ ಕೂತು ಅವರೆಕಾಯಿ ಸುಲಿಯುತ್ತಾ, "ಏನೈತೆ ಅಂತ ನಂಗೆ ಓದಿ ಹೇಳ್ಬೇಡ ಕಣೇ. ನೀನು ಓದಿದ್ಯಲ್ಲ, ಸಾಕು" ಎಂದಳು. ಹದಿನೈದು ವರ್ಷ ಓದಿಸಿದ್ದು ಇಂಥ ದಿನಕ್ಕೇ ಎಂಬ ಧಾಟಿಯಲ್ಲಿ ಹೇಳಿದಳು. ನನಗೂ ಹಾಗೇ ಅನಿಸಿತ್ತು.

ಸೇರಿಸಿಕೊಳ್ಳುವ ಮುಂಚೆ ಹಲವು ತಪಾಸಣೆಗಳಿದ್ದವು. ಕೊನೆಯದು ಆರು ನಿಮಿಷದ ನಡಿಗೆ. ಆಸ್ಪತ್ರೆಯ ಮೂರನೇ ಮಹಡಿಯ ಉದ್ದನೆಯ ಓಣಿಯಲ್ಲಿ ಈ ಕೊನೆಗೊಂದು ಆ ಕೊನೆಗೊಂದು ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಗೂಟ ಇಟ್ಟಿದ್ದರು. ಅವುಗಳ ನಡುವೆ ಹೋಗಿ ಬಂದು ಮಾಡಬೇಕು. ಶಬಾನ ಗಡಿಯಾರ ಹಿಡಿದು, "ಆರು ನಿಮಿಷದಲ್ಲಿ ನಿಮ್ಮ ಕೈಲಿ ಎಷ್ಟಾಗತ್ತೋ ಅಷ್ಟು ನಡೀರಿ. ಸುಸ್ತಾದ್ರೆ ನಿಲ್ಲಬೋದು, ಗೋಡೆ ಹಿಡ್ಕೋಬೋದು, ಕೂರ್ಬೋದು" ಎಂದಳು.

ಮೊದಲು ನನ್ನ ಸರದಿ. ನಾಲ್ಕನೇ ಸುತ್ತಿಗೆ ಎದೆಯ ಮೇಲೆ ಯಾರೋ ಕೂತ ಹಾಗಾಯಿತು. ಗೋಡೆ ಹಿಡಿದು ನಿಂತೆ. ಮತ್ತೆ ಹೆಜ್ಜೆ ಇಟ್ಟೆ, ಮತ್ತೆ ನಿಂತೆ, ಕೊನೆಗೆ ಕುರ್ಚಿಯಲ್ಲಿ ಕುಸಿದು ಕೂತೆ. ಸಮಯ ಇನ್ನೂ ಉಳಿದಿತ್ತು. ಏಳಲಾಗಲಿಲ್ಲ. ಶಬಾನ ಏನೋ ಬರೆದುಕೊಂಡಳು. ನಲವತ್ತೊಂದು ವರ್ಷದಲ್ಲಿ ನಾನು ಮೊದಲ ಸಲ ಫೇಲಾಗಿದ್ದೆ.

ಗಾಜಿನ ಬಾಗಿಲ ಆಚೆ ಅಕ್ಕ ಕಾಯುತ್ತಿದ್ದಳು. ನಾನು ಹೊರಗೆ ಬಂದು ಅವಳ ಕೈ ಹಿಡಿದುಕೊಂಡು ಹೇಳಿದ ಮಾತನ್ನು ಇದ್ದ ಹಾಗೆ ಬರೆಯುತ್ತೇನೆ.

"ನಾನು ಕೆಡಿಸ್ಬುಟ್ಟೆ ಅಕ್ಕ. ನನ್ನನ್ನ ತಗೊಳಲ್ಲ ಅನ್ಸತ್ತೆ. ನೀನಾದ್ರೂ ಪಾಸಾಗು. ಎಲ್ಲೂ ನಿಲ್ಬೇಡ. ನಿಂತ್ರೆ ಮಾರ್ಕ್ಸ್ ಹೋಗತ್ತೆ."

"ಅಳ್ಬೇಡ ಸುಮ್ಕಿರು. ಮಂಡಕಳ್ಳಿಯಿಂದ ಬಸ್ಸಿಲ್ದಿದ್ ದಿನ ನಡ್ಕಂಡು ಬಂದಿರೋಳು ನಾನು. ಇದೇನ್ ಮಹಾ" ಎಂದು ಚಪ್ಪಲಿ ಬಿಟ್ಟು, ಸೆರಗು ಸೊಂಟಕ್ಕೆ ಸಿಕ್ಕಿಸಿ ಒಳಗೆ ಹೋದಳು.

ಅವಳು ನಿಲ್ಲಲಿಲ್ಲ. ಬಾಯಿ ಬಿಗಿಯಾಗಿ ಮುಚ್ಚಿಕೊಂಡು, ಮೂಗಿನ ಹೊಳ್ಳೆ ಅರಳಿಸಿಕೊಂಡು, ಗೂಟದಿಂದ ಗೂಟಕ್ಕೆ. ಪ್ರತಿ ಸಲ ತಿರುಗುವಾಗ ಗಾಜಿನ ಕಡೆ ನೋಡುತ್ತಿದ್ದಳು. ನಾನು ಮುಷ್ಟಿ ಎತ್ತಿ ತೋರಿಸುತ್ತಿದ್ದೆ. ಕ್ರೀಡಾಕೂಟದಲ್ಲಿ ನಮ್ಮ ಶಾಲೆಯ ಮಕ್ಕಳಿಗೆ ತೋರಿಸುವ ಹಾಗೆ. ಆರು ನಿಮಿಷ ಮುಗಿದಾಗ ಅವಳು ಶಬಾನಳಿಗೆ ನಗುತ್ತಾ ಕೈ ಮುಗಿದಳು.

"ತುಂಬಾ ಸುಸ್ತಾಯ್ತಾಮ್ಮ?" ಎಂದು ಶಬಾನ ಕೇಳಿದ್ದು ನನಗೆ ಕೇಳಿಸಿತು.

"ಇಲ್ಲ ಕಣವ್ವ. ಆರಾಮಾಗಿವ್ನಿ."

ಹೊರಗೆ ಬಂದವಳು ನೇರ ಹೆಂಗಸರ ಬಚ್ಚಲಿಗೆ ಹೋದಳು. ನಾನು ಹಿಂದೆಯೇ ಹೋದೆ. ನೆಲದ ಮೇಲೆ ಕೂತುಬಿಟ್ಟಿದ್ದಳು. ತುಟಿ ನೀಲಿಯಾಗಿತ್ತು, ವಾಂತಿಯಾಗಿತ್ತು, ಮಾತು ಬರುವುದೇ ಕಷ್ಟವಾಗಿತ್ತು. ಡಾಕ್ಟರನ್ನು ಕರೆಯುತ್ತೇನೆ ಎಂದು ಎದ್ದೆ. ಅವಳು ನನ್ನ ಸೀರೆಯ ನೆರಿಗೆ ಹಿಡಿದು ಎಳೆದಳು.

"ಹೇಳ್ಬೇಡ್ವೇ... ಮಾರ್ಕು ಕಮ್ಮಿ ಮಾಡ್ಬುಟ್ಟಾರು."

ನಾನು ಯಾರಿಗೂ ಹೇಳಲಿಲ್ಲ. ಮುಖ ತೊಳೆಸಿ, ತಲೆ ಬಾಚಿ, ಅವಳಿಗೆ ಉಸಿರು ತಿರುಗುವ ತನಕ ಕಾದು, ಇಬ್ಬರೂ ಕೈ ಕೈ ಹಿಡಿದುಕೊಂಡು ಹೊರಗೆ ಬಂದೆವು. ಅಂದು ಮನೆಗೆ ಬಂದು ಮಹದೇವ ಅವರಿಗೂ ಹೇಳಲಿಲ್ಲ.

ವಾರದ ಮೇಲೆ ಶಬಾನ ನಮ್ಮಿಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ನನ್ನನ್ನು ಸೇರಿಸಿಕೊಂಡಿದ್ದಾರೆ. ಅಕ್ಕನನ್ನು ಇಲ್ಲ. ಅಷ್ಟು ದೂರ ನಡೆಯಬಲ್ಲವರಿಗೆ ಸಾಧನದ ಅಗತ್ಯ ಇನ್ನೂ ಬಂದಿಲ್ಲ ಎಂದು ಅಧ್ಯಯನದ ನಿಯಮ. ಕಾಯಿಲೆ ಒಂದು ಗೆರೆ ದಾಟಿರಬೇಕು, ನಡಿಗೆ ಇನ್ನೊಂದು ಗೆರೆಯೊಳಗಿರಬೇಕು. ಅಕ್ಕನ ಸ್ಕ್ಯಾನ್ ಗೆರೆ ದಾಟಿತ್ತು. ನಡಿಗೆಯೂ ದಾಟಿತ್ತು.

"ಒಪ್ಪಿಗೆ ಪತ್ರದಲ್ಲೂ ಇದೆ ಮೇಡಂ" ಎಂದು ಅವಳು ಪುಟ ತಿರುವಿ ತೋರಿಸಿದಳು. ಇತ್ತು. ಹೆಚ್ಚು ದೂರ ನಡೆಯಲು ಸಾಧ್ಯವಾದವರನ್ನು ಸೇರಿಸಿಕೊಳ್ಳಲಾಗುವುದಿಲ್ಲ ಎಂದು, ಸ್ಪಷ್ಟ ಕನ್ನಡದಲ್ಲಿ. ಆ ಪುಟದ ಮೂಲೆಯಲ್ಲಿ ನನ್ನ ಕೆಂಪು ಟಿಕ್ ಇತ್ತು.

ಆಗ ಬಚ್ಚಲಿನ ವಿಷಯ ಬಾಯಿಬಿಟ್ಟೆ. ಶಬಾನಳ ಮುಖದಲ್ಲಿ ರಕ್ತವೇ ಇಲ್ಲದಂತಾಯಿತು. "ಅಯ್ಯೋ ಮೇಡಂ, ಅವತ್ತೇ ಹೇಳ್ಬೇಕಿತ್ತು. ಅದನ್ನ ಬರ್ಕೊಳ್ಳೋಕೇ ನಾನಿರೋದು." ವೈದ್ಯರೊಡನೆ ಮಾತಾಡಿ ಬಂದು, ಒಂದು ತಿಂಗಳು ಕಳೆದ ಮೇಲೆ ಮತ್ತೊಮ್ಮೆ ನಡೆಸಿ ನೋಡಬಹುದು, ಅದಕ್ಕೆ ಅವಕಾಶವಿದೆ ಎಂದಳು.

ಬಸ್‌ಸ್ಟಾಂಡಿನವರೆಗೆ ಅಕ್ಕನೇ ಮಾತಾಡಿದಳು. "ಈ ಪರೀಕ್ಷೇಲಿ ಫೇಲಾದೋರೇ ಪಾಸು ಅಂತ ಯಾರ್ಗೆ ಗೊತ್ತು? ಹೋಗ್ಲಿ ಬುಡು. ನಿಂಗೆ ಸಿಕ್ತಲ್ಲ. ಒಂದ್ ತಿಂಗ್ಳು ಅಂದ್ರೆ ಎಷ್ಟು ದೊಡ್ದು?" ಎಂದಳು. ಆಮೇಲೆ ನನ್ನ ಮುಖ ನೋಡಿ, "ನಾನ್ ಎಂಗ್ ನಡ್ದೆ ಹೇಳು, ಅವತ್ತು? ಚೆನ್ನಾಗ್ ನಡ್ದೆ ಅಲ್ವಾ?" ಎಂದಳು. ನಿಜವಾಗಿ ಕೇಳಿದಳು.

ನನ್ನ ಸಾಧನ ಹಾಕಿದ್ದು ಎರಡು ವಾರಗಳ ಮೇಲೆ. ಒಳಗೆ ಕರೆದುಕೊಂಡು ಹೋಗುವ ಮುಂಚೆ ನರ್ಸಮ್ಮ ಒಬ್ಬರು ಕಿವಿಯೋಲೆ, ಮೂಗುಬೊಟ್ಟು ಬಿಚ್ಚಿಸಿ, "ಕೂದ್ಲು ಸಿಕ್ಕಾಗತ್ತೆ" ಎಂದು ಎರಡು ಜಡೆ ಹಾಕಿದರು. ಹೈಸ್ಕೂಲು ಹುಡುಗಿಯ ಹಾಗೆ ಮಲಗಿದ್ದೆ. ಭಯಕ್ಕೆ ಹಲ್ಲು ಕಟಕಟ ಅನ್ನುತ್ತಿತ್ತು. ಅವರು ಬೆಚ್ಚಗಿನ ಹೊದಿಕೆ ತಂದು ಕಾಲಿಗೆ ಸುತ್ತಿ, ಪಾದವನ್ನು ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದರು. ಯಾರೂ ಹೇಳಿರಲಿಲ್ಲ ಅವರಿಗೆ ಹಾಗೆ ಮಾಡಲು. ಅವರ ಹೆಸರು ಕೇಳಿಕೊಳ್ಳಲಿಲ್ಲವಲ್ಲ ಎಂದು ಈಗಲೂ ಅನಿಸುತ್ತದೆ. ಎಚ್ಚರವಾದಾಗ ಒಂದೇ ದಿಂಬಿನ ಮೇಲೆ ಚಪ್ಪಟೆಯಾಗಿ ಮಲಗಿದ್ದೆ, ಉಸಿರು ತಾನಾಗಿ ಬಂದು ಹೋಗುತ್ತಿತ್ತು. ಎಷ್ಟು ತಿಂಗಳಾಗಿತ್ತು ಹಾಗೆ ಮಲಗಿ! ಬಾಗಿಲಲ್ಲಿ ಅಕ್ಕ ನಿಂತಿದ್ದಳು, ಚೌಕಟ್ಟು ಹಿಡಿದುಕೊಂಡು.

ಉಪ್ಪಿಲ್ಲದ ಬಸ್ಸಾರು, ಮುದ್ದೆ ಅವಳೇ ಮಾಡಿ ತರುತ್ತಿದ್ದಳು. ನಾನು ಮುಖ ಕಿವುಚಿದರೆ, "ತಿನ್ನು ತಿನ್ನು, ನಾನೂ ಇದ್ನೇ ತಿಂತಿವ್ನಿ" ಎನ್ನುತ್ತಿದ್ದಳು. ತರುವುದು ದಿನದಿಂದ ದಿನಕ್ಕೆ ತಡವಾಗುತ್ತಿತ್ತು. ಬಸ್ಸು ಸಿಗಲಿಲ್ಲ ಎನ್ನುತ್ತಿದ್ದಳು. ಬಸ್ ಇಳಿದ ಜಾಗದಿಂದ ಆಸ್ಪತ್ರೆಯ ಗೇಟಿನವರೆಗೆ ಮೂರು ಕಡೆ ಕೂತು ಬರುತ್ತಾಳೆ ಎಂದು ಆಮೇಲೆ ರಮ್ಯ ಹೇಳಿದಳು.

ತಿಂಗಳು ತುಂಬಿದ ದಿನ ಅಕ್ಕನನ್ನು ಮತ್ತೆ ಅದೇ ಓಣಿಗೆ ಕರೆದುಕೊಂಡು ಹೋದೆವು. ಗಾಜಿನ ಈಚೆ ಈ ಸಲ ನಾನು ಕೈ ಕಟ್ಟಿಕೊಂಡು ನಿಂತಿದ್ದೆ. ಅವಳು ಎರಡು ಸುತ್ತು ನಡೆದಳು. ಮೂರನೆಯದರ ಅರ್ಧದಲ್ಲಿ ನೆಲಕ್ಕೇ ಕೂತಳು. ಏನೂ ನಟನೆ ಇರಲಿಲ್ಲ. ಶಬಾನ ಗಡಿಯಾರ ಜೇಬಿಗೆ ಹಾಕಿ ಅವಳ ಪಕ್ಕದಲ್ಲಿ ನೆಲದ ಮೇಲೇ ಕೂತಳು.

ಎಲ್ಲ ಸರಿಯಿತ್ತು. ಎಲ್ಲ ಗೆರೆಗಳೂ ಕೂಡಿ ಬಂದವು. ಕಾಗದಗಳನ್ನು ಕಳಿಸಿದ ಮೂರನೇ ದಿನ ಶಬಾನ ಫೋನ್ ಮಾಡಿದಳು. ಅವಳು ಅಳುತ್ತಿದ್ದಳು. ಅಧ್ಯಯನಕ್ಕೆ ಬೇಕಾದಷ್ಟು ಜನ ತುಂಬಿದ್ದಾರೆ, ಬೇರೆ ಯಾವುದೋ ದೇಶದಲ್ಲಿ ಕೊನೆಯ ಹೆಸರು ಸೇರಿತು, ಎಲ್ಲ ದೇಶಗಳಲ್ಲೂ ಒಂದೇ ದಿನ ಬಾಗಿಲು ಹಾಕಿದರು. ಇಂತಿಷ್ಟು ಜನ ಈ ಆಸ್ಪತ್ರೆಗೆ ಎಂದು ಮೀಸಲೇನೂ ಇರಲಿಲ್ಲ. ಯಾರು ಮೊದಲು ಬಂದರೆ ಅವರು. ಆ ಕೊನೆಯ ಹೆಸರಿನವರು ಯಾರೋ ನನಗೆ ಗೊತ್ತಿಲ್ಲ. ಅವರಿಗೂ ಒಬ್ಬ ತಂಗಿ ಇರಬಹುದು. ಅವರ ಮೇಲೆ ನನಗೆ ಸಿಟ್ಟಿಲ್ಲ. ಬಹಳ ದಿನ ಇತ್ತು, ಈಗಿಲ್ಲ.

ಮುಂದಿನ ಭೇಟಿಗೆ ಅಕ್ಕನೂ ನನ್ನ ಜೊತೆ ಬಂದಳು. ಶಬಾನಳನ್ನು ಕೂರಿಸಿ ಕೇಳಿದಳು.

"ಈಗ ಇನ್ನೇನ್ ದಾರಿ ಐತೆ ಹೇಳವ್ವ."

"ಮಾತ್ರೆ ತಗೋತಾ ಇರಿ ಅಮ್ಮ. ಡಾಕ್ಟ್ರು ನಿಮಗೆ ಅಂತಲೇ ವಿಶೇಷ ಅನುಮತಿಗೆ ಪತ್ರ ಬರ್ದಿದ್ದಾರೆ. ಅಲ್ದೇ, ಮೊದಲೆಲ್ಲ ಒಂದೊಂದ್ ದೇಶ ಒಂದಾದ್ಮೇಲೊಂದು ನೋಡ್ಕೊಂಡು ಬಂದು, ನಮ್ಮವರೆಗೆ ಬರೋಕೆ ವರ್ಷಾನುಗಟ್ಲೆ ಆಗ್ತಿತ್ತು. ಈಗ ಎಲ್ಲಾರೂ ಒಟ್ಟಿಗೇ ಮಾಡಿರೋದ್ರಿಂದ ಬೇಗ ಒಪ್ಪಿಗೆ ಸಿಗತ್ತೆ."

"ಬೇಗ ಅಂದ್ರೆ ಎಷ್ಟು ಬೇಗ?"

ಶಬಾನ ಮೇಜಿನ ಮೇಲಿದ್ದ ಕಾಗದಗಳನ್ನು ಜೋಡಿಸತೊಡಗಿದಳು. ಅಕ್ಕ ನನ್ನ ಕಡೆ ಗಲ್ಲ ತೋರಿಸಿ, "ಅಂದ್ರೆ ಇವ್ಳ ಎದೇಲಿರೋದು ಎಂಗೈತೆ ಅಂತ ನೋಡಿ ಆ ದೇಶದೋರೆಲ್ಲ ಹೂಂ ಅಂತಾರಾ?" ಎಂದಳು.

"ಹೂಂ ಅಮ್ಮ, ಇವರದ್ದೂ ಬೇರೆಯವರದ್ದೂ."

"ಕೇಳಿಸ್ಕಂಡ್ಯಾ ಮೇಷ್ಟ್ರಮ್ಮ? ನೆಟ್ಟಗೆ ಮಾತ್ರೆ ನುಂಗು. ನೀನ್ ಪಾಸಾದ್ರೇ ನಂಗೂ ಸಿಗೋದು."

ಅಂದಿನಿಂದ ಅವಳು ದಿನಾ ಬೆಳಿಗ್ಗೆ ಎಂಟಕ್ಕೆ ಫೋನ್ ಮಾಡುತ್ತಿದ್ದಳು. ಮಾತ್ರೆ ನುಂಗಿದೆಯಾ, ತೂಕ ನೋಡಿಕೊಂಡೆಯಾ, ಡೈರಿಯಲ್ಲಿ ಬರೆದೆಯಾ. ಅಧ್ಯಯನದವರು ಕೊಟ್ಟ ಡೈರಿಯಲ್ಲಿ ಒಂದು ದಿನವೂ ಖಾಲಿ ಬಿಡಲು ಬಿಡಲಿಲ್ಲ. ನೀನು ಹೇಗಿದ್ದೀಯ ಎಂದು ಕೇಳಿದರೆ, "ನನ್ ಕತೆ ಇರ್ಲಿ, ನೀನ್ ಬರ್ದ್ಯಾ?" ಎನ್ನುತ್ತಿದ್ದಳು. ವಾಕ್ಯ ಚಿಕ್ಕದಾಗುತ್ತಾ ಬಂತು. ನಡುವೆ ಉಸಿರು ತೆಗೆದುಕೊಳ್ಳುವುದು ಕೇಳಿಸುತ್ತಿತ್ತು. ಕೊನೆಕೊನೆಗೆ ರಮ್ಯ ಫೋನ್ ಹಚ್ಚಿ ಅವಳ ಕಿವಿಗೆ ಹಿಡಿಯುತ್ತಿದ್ದಳು. ಅಕ್ಕ "ಬರ್ದ್ಯಾ?" ಅಂತ ಒಂದೇ ಮಾತು ಕೇಳುತ್ತಿದ್ದಳು.

ಒಂದು ಮಂಗಳವಾರ ಆ ಫೋನ್ ಬರಲಿಲ್ಲ. ನಾನು ಮಾಡಿದೆ, ಯಾರೂ ಎತ್ತಲಿಲ್ಲ. ಸ್ನಾನಕ್ಕೆ ಹೋಗಿರಬೇಕು ಎಂದುಕೊಂಡು ಶಾಲೆಗೆ ಹೋದೆ. ಒಂಬತ್ತನೇ ತರಗತಿಗೆ ಪಾಠ ಮಾಡುತ್ತಿದ್ದಾಗ ಮುಖ್ಯೋಪಾಧ್ಯಾಯಿನಿ ಬಾಗಿಲಿಗೆ ಬಂದು ನಿಂತರು. ಅವರ ಹಿಂದೆ ಮಹದೇವ ಇದ್ದರು. ಫ್ಯಾಕ್ಟರಿಯ ಸಮವಸ್ತ್ರದಲ್ಲೇ ಬಂದಿದ್ದರು. ನಾನು ಸೀಮೆಸುಣ್ಣ ಕೆಳಗಿಟ್ಟು, ಮಕ್ಕಳಿಗೆ ಮುಂದಿನ ಪುಟ ಓದಿಕೊಳ್ಳಿ ಎಂದು ಹೇಳಿ, ಡಸ್ಟರ್ ತೆಗೆದುಕೊಂಡು ಬೋರ್ಡು ಒರೆಸತೊಡಗಿದೆ. ಪೂರ್ತಿ ಒರೆಸಿದೆ. ಅಷ್ಟು ಹೊತ್ತು ಅದು ನಿಜವಾಗಿರಲಿಲ್ಲ.

ಮಂಡಕಳ್ಳಿಯ ಮನೆಯಲ್ಲಿ ಅಕ್ಕನಿಗಾಗಿ ನಡೆದ ಬುದ್ಧವಂದನೆ ಮುಗಿದು ಜನ ಚದುರಿದ ಮೇಲೆ ರಮ್ಯ ನನ್ನ ಪಕ್ಕ ಬಂದು ಕೂತಳು. ಕೂಗಾಡಲಿಲ್ಲ. "ಚಿಕ್ಕಮ್ಮ, ಅವತ್ತು ಅಮ್ಮಂಗೆ ನಿಲ್ಬೇಡ ಅಂತ ನೀವೇ ಹೇಳಿದ್ರಂತೆ ಹೌದಾ?" ಎಂದಳು.

"ಹೌದು."

"ಅಮ್ಮ ಖುಷಿಯಾಗಿ ಹೇಳ್ಕೊಂಡಿದ್ರು ನನ್ನತ್ರ. ಸುಜಿಗಿಂತ ಜಾಸ್ತಿ ನಡ್ದೆ ಅಂತ. ಓದ್ದಿದ್ರೂ ಅವ್ಳಿಗಿಂತ ಜಾಸ್ತಿ ತಗೊಂಡೆ ನೋಡು ಅಂತ."

ಅವಳು ಎದ್ದು ಹೋಗಿ ಒಲೆ ಹಚ್ಚಿದಳು. ಈಗಲೂ ನಾವು ಮಾತಾಡುತ್ತೇವೆ. ಹಬ್ಬಕ್ಕೆ ಬರುತ್ತಾಳೆ, ಊಟ ಮಾಡುತ್ತಾಳೆ. ಮೊದಲಿನ ಹಾಗಲ್ಲ. ಅದು ಸರಿಹೋಗುತ್ತದೆ ಎಂದು ನಾನು ಬರೆಯಲಾರೆ.

ವಿಶೇಷ ಅನುಮತಿಯ ಪತ್ರಕ್ಕೆ ಉತ್ತರ ಬಂತಂತೆ, ಕೊಡಬಹುದು ಎಂದು. ಅಷ್ಟರಲ್ಲಿ ಅಕ್ಕ ಹೋಗಿ ಹನ್ನೊಂದು ದಿನ ಕಳೆದಿತ್ತು. ಸಾಧನಕ್ಕೆ ಒಪ್ಪಿಗೆಯೂ ಬಂತು, ಶಬಾನ ಹೇಳಿದ ಹಾಗೆ, ಮೊದಲಿನ ಕಾಲಕ್ಕೆ ಹೋಲಿಸಿದರೆ ಬಹಳ ಬೇಗ. ಅವಳು ಫೋನ್ ಮಾಡಿ ಹೇಳುವಾಗ ದನಿ ತಗ್ಗಿಸಿಕೊಂಡೇ ಹೇಳಿದಳು. ನಾನು ಒಳ್ಳೆಯದಾಯಿತು ಎಂದೆ, ಮನಸ್ಸಿಟ್ಟೇ ಎಂದೆ. ನಾನು ಎಲ್ಲ ಭೇಟಿಗೂ ಹೋಗಿದ್ದೆ, ಡೈರಿಯ ಎಲ್ಲ ಸಾಲೂ ತುಂಬಿದ್ದೆ. ಅಕ್ಕ ಹೋದ ದಿನದ ಸಾಲು ಮಾತ್ರ ಮರುದಿನ ತುಂಬಿದ್ದು.

ಅಧ್ಯಯನಗಳಿಗೆ ಸೇರಬೇಡಿ ಎಂದು ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಸೇರಿದ್ದರಿಂದಲೇ ನಾನಿದ್ದೇನೆ. ನನ್ನ ಹಾಗೆ ಓದಿದ ಮೊದಲ ತಲೆಮಾರಿನವರಿಗೆ, ಓದಿದವರನ್ನು ನಂಬಿ ಹಿಂದೆ ಬರುವ ಅವರ ಅಕ್ಕಂದಿರಿಗೆ ಹೇಳುವುದು ಇಷ್ಟೇ: ಆಸ್ಪತ್ರೆಯಲ್ಲಿ ಯಾರೂ ಮಾರ್ಕ್ಸ್ ಕೊಡುವುದಿಲ್ಲ. ಸುಸ್ತಾದರೆ ಕೂತುಬಿಡಿ. ವಾಂತಿಯಾದರೆ ಹೇಳಿ. ಗೊತ್ತಿಲ್ಲದ್ದನ್ನು ಕೇಳಿ, ಡಿಗ್ರಿ ಇದ್ದರೂ ಕೇಳಿ.

ಕಳೆದ ತಿಂಗಳು ತಪಾಸಣೆಗೆ ಹೋದಾಗ ಶಬಾನ, "ಮೇಡಂ, ಒಬ್ರು ಹೆದರ್ಕೊಂಡಿದ್ದಾರೆ, ಸ್ವಲ್ಪ ಮಾತಾಡ್ತೀರಾ?" ಎಂದು ವಾರ್ಡಿಗೆ ಕರೆದುಕೊಂಡು ಹೋದಳು. ಅರವತ್ತರ ಹತ್ತಿರದ ಹೆಂಗಸು. ಮರುದಿನ ಬೆಳಿಗ್ಗೆ ಅವರಿಗೆ ಆ ಸಾಧನ ಹಾಕುವವರಿದ್ದರು. ಯಾವ ನಡಿಗೆಯ ಗೆರೆಯೂ ಇಲ್ಲ ಈಗ, ವೈದ್ಯರು ಬರೆದರೆ ಸಾಕು. ನಾನು ಮಂಚದ ಅಂಚಿಗೆ ಕೂತು, ನನಗೂ ಅದೇ ಇದೆ ಎಂದೆ. ಅವರು ಕೈ ಚಾಚಿ ನನ್ನ ಎದೆಯ ಮೇಲೆ, ಸೀರೆಯ ಮೇಲೆಯೇ, ಅಂಗೈ ಇಟ್ಟು ನೋಡಿದರು.

"ನೋವಾಯ್ತದಾ?"

"ಇಲ್ಲ. ಎದ್ದಾಗ ಒಂದೇ ದಿಂಬಲ್ಲಿ ಮಲಗಿರ್ತೀರಿ."

"ನಿಮ್ಮನೇಲಿ ಇನ್ಯಾರ್ಗಾದ್ರೂ ಇತ್ತಾ ಈ ಕಾಯ್ಲೆ?"

"ನಮ್ಮಕ್ಕಂಗಿತ್ತು."

"ಅವ್ರೂ ಹಾಕಿಸ್ಕೊಂಡ್ರಾ?"

"ಇಲ್ಲ. ಅವ್ಳು ಚೆನ್ನಾಗ್ ನಡೀತಿದ್ಲು. ಬೇಡ ಅಂದ್ರು."

ಅವರ ಮುಖ ಅರಳಿತು. "ಪುಣ್ಯವಂತೆ ಬುಡಿ" ಎಂದರು.

ನಾಳೆ ಬೆಳಿಗ್ಗೆ ಒಳಗೆ ಹೋಗುವವರು ಅವರು. ನಾನು ಹೂಂ ಎಂದೆ. ಕಾಲಿನಿಂದ ಜಾರಿದ್ದ ಹೊದಿಕೆ ಸರಿಮಾಡಿ, ಅವರ ಪಾದ ಹಿಡಿದುಕೊಂಡು ಕೂತೆ.